ಹತ್ತು ನಿಮಿಷದ ಆಕಾಶ

ರೇಡಿಯೊ ಹುಚ್ಚು ಬಹುತೇಕರಿಗೆ ಹತ್ತುವುದು ಕಿವಿಯಿಂದಲೇ. ಶಾರ್ಟ್‌ವೇವ್ ಮುಳ್ಳು ತಿರುಗಿಸುವಾಗ ಎರಡು ನಿಲಯಗಳ ನಡುವೆ ಮೋರ್ಸ್ ಸದ್ದೋ, ತನ್ನೂರಿನ ಮಳೆಯ ವಿಚಾರ ಹೇಳುತ್ತಿರುವ ದನಿಯೋ ಕೇಳಿಸುತ್ತದೆ. ಯಾರಿವರು ಎಂದು ಹುಡುಕಿಕೊಂಡು ಹೋದವರು ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ ಬಳಗ ಸೇರುತ್ತಾರೆ. ಸೇರಿದವರು ಮುಪ್ಪಾದರೂ ಬಿಡುವುದು ಅಪರೂಪ.

ಭಾರತದಲ್ಲಿ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಮೊದಲ ಹ್ಯಾಮ್ ಆದರು; ಅವರ ಕರೆಸಂಕೇತ 2ಜೆಕೆ. ಬೆಂಗಳೂರಿನ ಕ್ಲಬ್ ಶುರುವಾದದ್ದು 1959ರಲ್ಲಿ. ಹನ್ನೆರಡು ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಆರಂಭದ ದರ್ಜೆಗೆ ಮೋರ್ಸ್ ಬೇಕಿಲ್ಲ.

ಹತ್ತತ್ತು ಮೀಟರಿನ ಎರಡು ತಂತಿ ಎಳೆದು ಕಟ್ಟಿದರೆ 7 ಮೆಗಾಹರ್ಟ್ಸ್‌ಗೆ ಆಂಟೆನಾ ಸಿದ್ಧ. ಹಗಲು ಅದರಲ್ಲಿ ನೆರೆಯ ರಾಜ್ಯಗಳು. ಇರುಳಾದರೆ ಮೇಲಿನ ವಾತಾವರಣದ ಅಯಾನುಗೋಳ ದೂರದ ದೇಶಗಳನ್ನೂ ತಂದು ಕೊಡುತ್ತದೆ.

ಆದರೆ ನನ್ನನ್ನು ಈ ಲೋಕಕ್ಕೆ ಎಳೆದದ್ದು ಹ್ಯಾಮ್‌ಸ್ಯಾಟ್. ಹವ್ಯಾಸಿಗಳಿಗೆಂದೇ ಇಸ್ರೊ ಕಟ್ಟಿದ, 42.5 ಕೆಜಿಯ ಆ ಪುಟ್ಟ ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೊಸ್ಯಾಟ್-1ರ ಜೊತೆಗೆ ಹೊರಟಿತು. ದನಿ ಹಿಡಿದು ಮರಳಿ ಕಳಿಸುವ ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತೀಯ ಹವ್ಯಾಸಿಗಳದು, ಇನ್ನೊಂದು ನೆದರ್ಲೆಂಡ್ಸ್‌ನ ವಿದ್ಯಾರ್ಥಿ ವಿಲಿಯಂ ಲೈಯೆನಾರ್ ಅವರದು. 435 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ ದನಿ 145ರಲ್ಲಿ ಮರಳುತ್ತಿತ್ತು. ಪಿವಿಸಿ ಪೈಪಿಗೆ ಅಳತೆ ಟೇಪಿನ ಉಕ್ಕಿನ ಪಟ್ಟಿ ಸಿಕ್ಕಿಸಿ ಮಾಡಿದ ಯಾಗಿ ಆಂಟೆನಾ ಹಿಡಿದು, ಉಪಗ್ರಹ ಉತ್ತರದಿಂದ ದಕ್ಷಿಣಕ್ಕೋ ದಕ್ಷಿಣದಿಂದ ಉತ್ತರಕ್ಕೋ ಸಾಗಿದಂತೆ ಕೈ ತಿರುಗಿಸುತ್ತಾ ಹೋಗಬೇಕಿತ್ತು. ದಾಟಿ ಹೋಗುವ ರೈಲಿನ ಸಿಳ್ಳೆಯಂತೆ ತರಂಗದ ಆವರ್ತನ ಇಳಿಯುತ್ತಲೇ ಇರುತ್ತಿತ್ತು; ಇನ್ನೊಂದು ಕೈ ಟ್ಯೂನಿಂಗ್ ಗುಂಡಿ ಬಿಡುವಂತಿರಲಿಲ್ಲ. ಸಿಗುತ್ತಿದ್ದುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಅಷ್ಟರಲ್ಲಿ ಕೊಲ್ಲಿಯ ಕಡೆಯವರೂ ಥಾಯ್ಲೆಂಡಿನವರೂ ಬೆಂಗಳೂರಿನ ತಾರಸಿಗೆ ಉತ್ತರ ಕೊಡಬಹುದಿತ್ತು. ಎರಡು ವರ್ಷದ ಆಯುಸ್ಸೆಂದು ಬಿಟ್ಟದ್ದು ಒಂಬತ್ತು ವರ್ಷ ದುಡಿದು, ಬ್ಯಾಟರಿ ಸೋತು 2014ರ ಜುಲೈನಲ್ಲಿ ನಿಂತಿತು.

ಈ ಹವ್ಯಾಸಕ್ಕೆ ಅಡ್ಡಿಗಳೂ ಇವೆ. ಅಪಾರ್ಟ್‌ಮೆಂಟುಗಳಲ್ಲಿ ತಂತಿ ಕಟ್ಟಲು ಅನುಮತಿ ಕಷ್ಟ. ಎಲ್‌ಇಡಿ ದೀಪ, ಚಾರ್ಜರುಗಳ ಗದ್ದಲದಲ್ಲಿ ಕ್ಷೀಣ ದನಿಗಳು ಮುಚ್ಚಿಹೋಗುತ್ತವೆ. ಮೊಬೈಲ್ ಇರುವಾಗ ಇದೇಕೆ ಎಂದು ಕೇಳುವವರೂ ಇದ್ದಾರೆ. ಅವರಿಗೆ ಉತ್ತರ ಇದು: 2004ರ ಸುನಾಮಿಯಲ್ಲಿ ಫೋನು ಸತ್ತ ಅಂಡಮಾನಿನಿಂದ ಸುದ್ದಿ ದಾಟಿಸಿದವರಲ್ಲಿ, ಹವ್ಯಾಸದ ಸಂಪರ್ಕಗಳಿಗೆಂದು ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ತಂಡವೂ ಇತ್ತು. ವರ್ಷಗಟ್ಟಲೆ ಹರಟುತ್ತಾ ಪಳಗಿದ ಕಿವಿ ಅಂದು ಕೆಲಸಕ್ಕೆ ಬಂತು. ಅಂಥ ಕಿವಿಗಳು ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ನಮ್ಮ ಶಾಲೆಗಳ ತಾರಸಿಗೆ ಒಂದೊಂದು ಆಂಟೆನಾ ಏರಿಸುವ ಕೆಲಸ ಹ್ಯಾಮ್‌ಸ್ಯಾಟ್ ಇದ್ದಾಗಲೇ ಆಗಬೇಕಿತ್ತು. ಈಗಲಾದರೂ ಆಗಲಿ.