ಮೊಣಕೈ ಪಕ್ಕದ ಚರ್ಮದ ಚೀಲ

ಎರಡನೇ ಈಡು ಎಷ್ಟು ಬೇಗ ಹಾರುತ್ತದೆ? ಅದು ಕೋವಿಯಷ್ಟೇ ಈ ಚೀಲದ ಮೇಲೂ ನಿಂತಿದೆ.

18ನೇ ಶತಮಾನದ ಅಮೆರಿಕ, ಪೆನ್ಸಿಲ್ವೇನಿಯಾದ ಕಾಡು. ಬೇಟೆಗಾರನ ಕೈಯಲ್ಲಿ ಉದ್ದ ನಳಿಗೆಯ ಕೋವಿ. ನಮ್ಮ ಮಲೆನಾಡಿನ ಕೇಪಿನ ಕೋವಿಯ ಹಾಗೆ ಇದಕ್ಕೂ ಮದ್ದು, ಗುಂಡು ಎಲ್ಲ ನಳಿಗೆಯ ಬಾಯಿಂದಲೇ. ಕಿಡಿ ಮಾತ್ರ ಚಕಮಕಿ ಕಲ್ಲಿನದು. ಮದ್ದು ಕೊಂಬಿನಲ್ಲಿ, ಗುಂಡು, ಎಣ್ಣೆ ಸವರಿದ ಬಟ್ಟೆ, ಬಿಡಿ ಕಲ್ಲು ಈ ಚೀಲದಲ್ಲಿ.

ಇದನ್ನು ಇವತ್ತೂ ಕೈಯಲ್ಲೇ ಹೊಲಿಯುವವರಿದ್ದಾರೆ. ಚರ್ಮ ಮರದ ತೊಗಟೆಯಲ್ಲಿ ಹದ ಮಾಡಿದ್ದು. ನಮ್ಮಲ್ಲಿ ತಂಗಡಿ ತೊಗಟೆ, ಅಲ್ಲಿ ಓಕ್.

ಹೊಲಿಗೆ ನೋಡಿ. ಆರೆಯಿಂದ ಮೊದಲೇ ತೂತು. ಜೇನುಮೇಣ ಉಜ್ಜಿದ ಲಿನನ್ ದಾರ ಒಂದೇ, ಎರಡೂ ತುದಿಗೆ ಸೂಜಿ. ಒಂದು ಎಡದಿಂದ, ಇನ್ನೊಂದು ಬಲದಿಂದ, ಅದೇ ತೂತಿನಲ್ಲಿ ದಾಟುತ್ತವೆ. ಒಂದು ಎಳೆ ಸವೆದು ಹರಿದರೂ ಇನ್ನೊಂದು ಬಿಗಿಯಾಗಿ ಹಿಡಿದಿರುತ್ತದೆ. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಚೀಲವನ್ನು ಒಳಮೈ ಹೊರಗಿಟ್ಟು ಹೊಲಿದು, ಒದ್ದೆ ಮಾಡಿ, ಆಮೇಲೆ ಮಗುಚುತ್ತಾರೆ. ಹೊಲಿಗೆ ಒಳಗೆ ಸೇರಿ ಮುಳ್ಳುಕಂಟಿಗೆ ಸಿಗುವುದಿಲ್ಲ.

ಹೆಗಲಪಟ್ಟಿ ಗಿಡ್ಡವೇ ಇರಬೇಕು. ಚೀಲ ಮೊಣಕೈ ಪಕ್ಕಕ್ಕೆ ಕೂತರೆ ಓಡುವಾಗ ತೂಗಾಡದು. ಕಣ್ಣು ಜಿಂಕೆಯ ಮೇಲಿದ್ದರೂ ಕೈಗೆ ಗುಂಡು ಸಿಗುತ್ತದೆ.

ಕತ್ತರಿಸಿ ಉಳಿದ ಚೂರುಗಳನ್ನೂ ಎಸೆಯಬೇಡಿ. ಚಕಮಕಿ ಕಲ್ಲು ಅದನ್ನು ಕಚ್ಚಿ ಹಿಡಿಯುವ ಕೋವಿಯ ಕಬ್ಬಿಣದ ದವಡೆಯಲ್ಲಿ ಹಾಗೇ ನಿಲ್ಲುವುದಿಲ್ಲ, ಜಾರುತ್ತದೆ. ಹೆಬ್ಬೆರಳಗಲದ ಚರ್ಮ ಸುತ್ತಿ ಸ್ಕ್ರೂ ಬಿಗಿದರೆ ಅಲುಗಾಡದೆ ಕೂರುತ್ತದೆ.