ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ: ಶಾಂತಾ ಸಿನ್ಹಾ ಅವರ ವಾದ ಮತ್ತು ಸಾಧನೆ

ಭಾರತದಲ್ಲಿ ಬಾಲಕಾರ್ಮಿಕರ ಪ್ರಶ್ನೆಯನ್ನು ಕಾರ್ಮಿಕ ಇಲಾಖೆಯೂ ಶಾಲೆ ಬಿಟ್ಟ ಮಕ್ಕಳ ಪ್ರಶ್ನೆಯನ್ನು ಶಿಕ್ಷಣ ಇಲಾಖೆಯೂ ಬಹುಕಾಲ ಬೇರೆಬೇರೆಯಾಗಿಯೇ ನೋಡಿಕೊಂಡು ಬಂದವು. 1986ರ ಬಾಲಕಾರ್ಮಿಕ ಕಾಯ್ದೆಯು ಪಟ್ಟಿಯಲ್ಲಿ ಹೆಸರಿಸಿದ ಕೆಲಸಗಳಲ್ಲಿ ಮಾತ್ರ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿದ್ದರಿಂದ, ದನ ಕಾಯುವ ಹುಡುಗನಾಗಲಿ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿಯಾಗಲಿ ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಈ ವಿಂಗಡಣೆಯನ್ನು ತಳ್ಳಿಹಾಕಿ, ಶಾಲೆಯ ಹೊರಗಿರುವ ಪ್ರತಿ ಮಗುವನ್ನೂ ಬಾಲಕಾರ್ಮಿಕನೆಂದೇ ಪರಿಗಣಿಸಬೇಕೆಂದು ವಾದಿಸಿ, ಆ ವಾದವನ್ನು ಹಳ್ಳಿಗಳಲ್ಲಿ ಕಾರ್ಯರೂಪಕ್ಕೆ ತಂದವರು ಪ್ರೊ. ಶಾಂತಾ ಸಿನ್ಹಾ.

1950ರಲ್ಲಿ ನೆಲ್ಲೂರಿನಲ್ಲಿ ಜನಿಸಿದ ಅವರು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಬೋಧಿಸಿದರು. ತಾತ ಮಾಮಿಡಿಪೂಡಿ ವೆಂಕಟರಂಗಯ್ಯನವರ ಹೆಸರಿನಲ್ಲಿ 1981ರಲ್ಲಿ ಸ್ಥಾಪನೆಯಾದ ಎಂ.ವಿ. ಫೌಂಡೇಶನ್, ರಂಗಾರೆಡ್ಡಿ ಜಿಲ್ಲೆಯ ಜೀತಗಾರರ ನಡುವೆ ಸಿನ್ಹಾ ಪಡೆದ ಅನುಭವದ ಬೆನ್ನಲ್ಲೇ, 1991ರಿಂದ ದುಡಿಯುವ ಮಕ್ಕಳನ್ನು ಶಾಲೆಗೆ ತರುವ ಕೆಲಸಕ್ಕೆ ತೊಡಗಿತು.

ಬಡತನವಿರುವವರೆಗೆ ಮಕ್ಕಳ ದುಡಿಮೆ ತಪ್ಪದು ಎಂಬ ಮಾತನ್ನು ಅವರು ಒಪ್ಪಲಿಲ್ಲ. ಹೈಬ್ರಿಡ್ ಹತ್ತಿಯ ಬೀಜೋತ್ಪಾದನೆ ಇದಕ್ಕೊಂದು ನಿದರ್ಶನ. ಸಂಜೆ ಒಂದೊಂದೇ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ಮತ್ತೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರುವ ಈ 'ಕ್ರಾಸಿಂಗ್' ಕೆಲಸಕ್ಕೆ, ಹೆತ್ತವರಿಗೆ ಮುಂಗಡ ಕೊಟ್ಟು ಹೆಣ್ಣುಮಕ್ಕಳನ್ನು ಕರೆತರುವ ರೂಢಿ ಆಂಧ್ರದ ಹಳ್ಳಿಗಳಲ್ಲಿ ಬೆಳೆದಿತ್ತು. ದೊಡ್ಡವರಿಗಿಂತ ಕಡಿಮೆ ಕೂಲಿಗೆ, ಎದುರಾಡದೆ ದುಡಿಯುವರೆಂಬುದೇ ಅವರನ್ನು ಆರಿಸಲು ಕಾರಣವಾಗಿದ್ದುದರಿಂದ, ಮಕ್ಕಳ ದುಡಿಮೆ ದೊಡ್ಡವರ ಕೂಲಿಯನ್ನೂ ತಗ್ಗಿಸಿ ಬಡತನವನ್ನು ಉಳಿಸುತ್ತದೆ ಎಂಬ ವಾದಕ್ಕೆ ಬಲ ಬಂತು.

ಕೆಲಸ ಬಿಟ್ಟ ಮಗುವನ್ನು ಶಾಲೆಗೆ ಅಣಿಗೊಳಿಸಲು ಸಂಸ್ಥೆ ಅನುಸರಿಸಿದ ಮಾರ್ಗ ಬ್ರಿಡ್ಜ್ ಕೋರ್ಸ್, ಅಂದರೆ ಅಕ್ಷರ ಕಲಿಯದ ಹತ್ತು ಹನ್ನೆರಡರ ಮಗುವನ್ನು ಒಂದನೇ ತರಗತಿಯ ಪುಟ್ಟ ಮಕ್ಕಳ ಜೊತೆ ಕೂರಿಸದೆ, ಶಿಬಿರದಲ್ಲಿ ಕೆಲವು ತಿಂಗಳು ಕಲಿಸಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವ ವ್ಯವಸ್ಥೆ. ಕರ್ನಾಟಕದ 'ಚಿಣ್ಣರ ಅಂಗಳ'ವೂ ಇದೇ ಬಗೆಯದು. ಆದರೆ ಶಿಬಿರ ಮುಗಿಸಿದ ಮಗುವಿಗೆ ಶಾಲೆಯ ಬಾಗಿಲಲ್ಲೇ ವರ್ಗಾವಣೆ ಪತ್ರ, ಜನನ ಪ್ರಮಾಣಪತ್ರ, ದಾಖಲಾತಿಯ ಗಡುವು ಅಡ್ಡಬರುತ್ತಿದ್ದವು.

2005ರ ಕಾಯ್ದೆಯಂತೆ ರಚನೆಯಾದ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ 2007ರಲ್ಲಿ ಸಿನ್ಹಾ ಮೊದಲ ಅಧ್ಯಕ್ಷರಾಗಿ, 2013ರವರೆಗೆ ಆ ಹೊಣೆ ಹೊತ್ತರು. ಅವರ ಅವಧಿಯಲ್ಲೇ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯು, ವಯಸ್ಸಿಗೆ ತಕ್ಕ ತರಗತಿಯನ್ನೂ ಅದಕ್ಕೆ ಬೇಕಾದ ವಿಶೇಷ ತರಬೇತಿಯನ್ನೂ ಮಗುವಿನ ಹಕ್ಕಾಗಿಸಿ, ದಾಖಲೆಗಳಿಲ್ಲವೆಂದು ಪ್ರವೇಶ ನಿರಾಕರಿಸುವುದನ್ನು ತಡೆದು, ಜಾರಿಯ ಮೇಲೆ ನಿಗಾ ಇಡುವ ಕೆಲಸವನ್ನು ಆಯೋಗಕ್ಕೆ ಒಪ್ಪಿಸಿತು. ಪದ್ಮಶ್ರೀ ಮತ್ತು 2003ರ ಮ್ಯಾಗ್ಸೆಸೆ ಪ್ರಶಸ್ತಿಗಳು ಅವರಿಗೆ ಅದಕ್ಕೂ ಮೊದಲೇ ಸಂದಿದ್ದವು.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯು 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಕಸುಬುಗಳಲ್ಲೂ ನಿಷೇಧಿಸಿದರೂ, ಶಾಲಾ ಸಮಯದ ನಂತರ ಮನೆತನದ ಕಸುಬಿನಲ್ಲಿ ನೆರವಾಗಲು ಅವಕಾಶ ಉಳಿಸಿಕೊಂಡಿದೆ. ನೆರವಿನ ಹೆಸರಿನಲ್ಲಿ ನಡೆಯುವ ದುಡಿಮೆಯನ್ನು ತಪಾಸಣಾಧಿಕಾರಿಗಿಂತ ಮೊದಲು ಕಾಣುವವರು ನೆರೆಹೊರೆಯವರೇ ಆದ್ದರಿಂದ, ಶಾಲೆಯ ವೇಳೆಯಲ್ಲಿ ಹೊಲದಲ್ಲೋ ಹೋಟೆಲಿನಲ್ಲೋ ಮಗುವನ್ನು ಕಂಡವರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು ಅಗತ್ಯ.