ನೆಲವೇ ಸಂಬಳವಾದ ಕಾಲ

ಕ್ರಿ.ಶ. 800ರ ಕ್ರಿಸ್ತಜಯಂತಿಯ ದಿವಸ ರೋಮಾಪುರಿಯಲ್ಲಿ ಪೋಪನ ಹಸ್ತದಿಂದ ಕಿರೀಟವನ್ನು ಧರಿಸಿದ ಫ್ರಾಂಕರ ದೊರೆ ಶಾರ್ಲಮೇನನು ಪ್ರಾಚೀನ ಸಾಮ್ರಾಟರ ಬಿರುದನ್ನೇನೋ ಪಡೆದನು. ಆದರೆ ದೇಶದಾದ್ಯಂತ ಕಂದಾಯವನ್ನೆತ್ತಿ, ಆ ಹಣದಿಂದ ಸೈನ್ಯಕ್ಕೂ ಅಧಿಕಾರಿವರ್ಗಕ್ಕೂ ಸಂಬಳ ಕೊಡುತ್ತಿದ್ದ ಅವರ ಆಡಳಿತಯಂತ್ರವು ಅವನಿಗೆ ದಕ್ಕಲಿಲ್ಲ. ನಾಣ್ಯವು ವಿರಳವಾಗಿ, ಪಟ್ಟಣಗಳು ಕುಗ್ಗಿಹೋಗಿದ್ದ ಅಂದಿನ ಪಶ್ಚಿಮ ಯೂರೋಪಿನಲ್ಲಿ ದೊರೆಯ ಕೈಯಲ್ಲಿ ಧಾರಾಳವಾಗಿದ್ದುದು ನೆಲವೊಂದೇ. ಆ ನೆಲವನ್ನೇ ಸಂಬಳವಾಗಿ ಕೊಡುತ್ತ ಬಂದ ದೊರೆಗಳು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾರದೆ ಹೋದುದರಿಂದಲೇ ಊಳಿಗಮಾನ್ಯ ಪದ್ಧತಿಯು ಬೆಳೆದು ನಿಂತಿತೆಂದು ನನಗೆ ತೋರುತ್ತದೆ.

ಕುದುರೆಯೇರಿ ಕಾದುವ ಯೋಧನನ್ನು ಸಾಕುವುದು ಸಾಮಾನ್ಯ ವೆಚ್ಚದ ಮಾತಾಗಿರಲಿಲ್ಲ. ರೈನ್ ನದೀತೀರದ ರಿಪುವಾರಿ ಫ್ರಾಂಕರ ಕಾನೂನಿನಲ್ಲಿ ಇದಕ್ಕೊಂದು ಲೆಕ್ಕವಿದೆ: ಎತ್ತಿಗೆ 2 ಸಾಲಿಡಸ್ ನಾಣ್ಯಗಳಾದರೆ ಕಬ್ಬಿಣದ ಕವಚಕ್ಕೆ 12, ಒರೆಸಹಿತವಾದ ಕತ್ತಿಗೆ 7, ಶಿರಸ್ತ್ರಾಣಕ್ಕೆ 6. ಮೈಮೇಲಿನ ಕವಚವೊಂದಕ್ಕೇ ಆರು ಎತ್ತುಗಳು! ಕುದುರೆಯ ಬೆಲೆ ಬೇರೆ, ಅದರ ಮೇವು ಬೇರೆ. 8ನೆಯ ಶತಮಾನದಲ್ಲಿಯೇ ಶಾರ್ಲಮೇನನ ತಾತ ಚಾರ್ಲ್ಸ್ ಮಾರ್ಟೆಲನು ಚರ್ಚಿನ ಭೂಮಿಗಳನ್ನು ತನ್ನ ಕಡೆಯವರಿಗೆ ಹಂಚಿ ಪಾದ್ರಿಗಳ ನಿಂದೆಗೆ ಪಾತ್ರನಾಗಿದ್ದನು. ಅವನ ವಂಶಜರು ಅದೇ ದಾರಿಯಲ್ಲಿ ಮುಂದುವರಿದು, ನಿಷ್ಠೆಯ ಪ್ರಮಾಣಕ್ಕೂ ಭೂಮಿಯ ಅನುಭೋಗಕ್ಕೂ ಗಂಟುಹಾಕಿದರು. ಉಂಬಳಿಯು ಜೀವಾವಧಿಗೆ ಮಾತ್ರ ಸಲ್ಲತಕ್ಕದ್ದು, ಪಡೆದವನು ತೀರಿಕೊಂಡರೆ ನೆಲವು ಒಡೆಯನಿಗೆ ಮರಳತಕ್ಕದ್ದು ಎಂಬುದು ಮೊದಲಿನ ನಿಯಮ.

ನಿಯಮವು ಉಳಿಯಬೇಕಾದರೆ ಅದನ್ನು ನಡೆಸುವ ಬಲವೂ ಬೇಕಷ್ಟೆ. 843ರಲ್ಲಿ ವೆರ್ಡೂನಿನ ಒಪ್ಪಂದದಿಂದ ಶಾರ್ಲಮೇನನ ಮೂವರು ಮೊಮ್ಮಕ್ಕಳು ಸಾಮ್ರಾಜ್ಯವನ್ನು ಹಂಚಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ ವೈಕಿಂಗರು ಸೇನ್ ನದಿಯಲ್ಲಿ ಹಡಗುಗಳನ್ನು ನಡೆಸಿಕೊಂಡು ಬಂದು ಪ್ಯಾರಿಸ್ಸನ್ನು ಸೂರೆಗೊಂಡರು. ಪಶ್ಚಿಮಭಾಗದ ದೊರೆ ಬೋಳು ಚಾರ್ಲ್ಸನು 7000 ಪೌಂಡು ಬೆಳ್ಳಿಯನ್ನು ತೆತ್ತು ಅವರನ್ನು ಸಾಗಹಾಕಿದನು. ದೊರೆಯ ಸೈನ್ಯವು ಬಂದು ಸೇರುವ ವೇಳೆಗೆ ಊರು ಸುಟ್ಟು ಬೂದಿಯಾಗಿರುತ್ತಿದ್ದ ಆ ದಿನಗಳಲ್ಲಿ, ಹತ್ತಿರದ ದಿಬ್ಬದ ಮೇಲೆ ಮರದ ಕೋಟೆ ಕಟ್ಟಿಕೊಂಡು ನಾಲ್ಕಾರು ಸವಾರರನ್ನು ಇಟ್ಟುಕೊಂಡಿದ್ದ ಸ್ಥಳೀಯ ಪ್ರಭುವೇ ಪ್ರಜೆಯ ಪಾಲಿಗೆ ದೊರೆಯಾದನು. ಅಪ್ಪಣೆಯಿಲ್ಲದೆ ಕಟ್ಟಿದ ಕೋಟೆಗಳನ್ನು ಕೆಡವತಕ್ಕದ್ದೆಂದು ಚಾರ್ಲ್ಸನು 864ರಲ್ಲಿ ಪೀತ್ರ್ ಎಂಬಲ್ಲಿ ಶಾಸನ ಹೊರಡಿಸಿದನು. ಕೆಡವಿಸುವ ಶಕ್ತಿ ಯಾರಿಗಿತ್ತು? 877ರಲ್ಲಿ ಇಟಲಿಗೆ ದಂಡೆತ್ತಿ ಹೊರಟಾಗ ಅವನೇ, ತನ್ನ ಅನುಪಸ್ಥಿತಿಯಲ್ಲಿ ಕೌಂಟನೊಬ್ಬನು ಮೃತನಾದರೆ ಮಗನ ಹಕ್ಕು ಕೆಡದಂತೆ ಏರ್ಪಾಟು ಮಾಡಬೇಕಾಯಿತು. ಜೀವಾವಧಿಯ ಉಂಬಳಿಯು ಪಿತ್ರಾರ್ಜಿತವಾಗುತ್ತ ಬಂದಿತ್ತು. ಶಾಸನವು ನಡೆದುಹೋದದ್ದಕ್ಕೆ ಮುದ್ರೆಯೊತ್ತಿತು, ಅಷ್ಟೆ.

ಇಷ್ಟೆಲ್ಲ ಕವಚಕ್ಕೂ ಕುದುರೆಗೂ ಕೋಟೆಗೂ ಅನ್ನವಿಕ್ಕಿದವನು ರೈತನು. ವಾರದಲ್ಲಿ ಕೆಲವು ದಿವಸ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿದು, ಒಡೆಯನ ಗಿರಣಿಯಲ್ಲಿಯೇ ಧಾನ್ಯವನ್ನು ಬೀಸಿಸಿ, ಒಡೆಯನ ಒಲೆಯಲ್ಲಿಯೇ ರೊಟ್ಟಿಯನ್ನು ಸುಡಿಸಿ, ಪ್ರತಿಯೊಂದಕ್ಕೂ ಪಾಲು ತೆತ್ತು, ಊರು ಬಿಟ್ಟು ಹೋಗುವ ಸ್ವಾತಂತ್ರ್ಯವೂ ಇಲ್ಲದೆ ಅವನು ಬಾಳಿದನು. ಸವಾರನಾದರೋ ಪ್ರಮಾಣ ಮಾಡಿ ಉಂಬಳಿ ಪಡೆದನು. ಉಂಬಳಿಯೊಡನೆ ಕೈಬದಲಾದ ಈ ರೈತನ ಒಪ್ಪಿಗೆಯನ್ನು ಕೇಳಿದವರಾರೂ ಇಲ್ಲ.

ಆ ಪ್ರಮಾಣವನ್ನು ಕಣ್ಣಾರೆ ಕಂಡಂತೆ ಬರೆದಿಟ್ಟವನು ಫ್ಲಾಂಡರ್ಸಿನ ಬ್ರೂಜ್ ನಗರದ ಗಾಲ್ಬರ್ಟ್ ಎಂಬ ಕರಣಿಕ. 1127ರಲ್ಲಿ ಅಲ್ಲಿಯ ಪ್ರಭು ಚಾರ್ಲ್ಸನು ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದಾಗಲೇ ಕೊಲೆಯಾಗಿ, ವಿಲಿಯಮ್ ಕ್ಲಿಟೊ ಎಂಬುವನು ಪ್ರಭುತ್ವಕ್ಕೆ ಬಂದನು. ಸಾಮಂತರು ಒಬ್ಬೊಬ್ಬರಾಗಿ ಬಂದು ನಿಲ್ಲುವರು. ಸಂಪೂರ್ಣವಾಗಿ ತನ್ನವನಾಗಲು ಇಷ್ಟವೇ ಎಂದು ಪ್ರಭುವು ಕೇಳುವನು. ಇಷ್ಟವೆಂದು ಹೇಳಿ ಜೋಡಿಸಿದ ಕೈಗಳನ್ನು ಅವನು ತನ್ನ ಅಂಗೈಗಳ ನಡುವೆ ಹಿಡಿದುಕೊಳ್ಳುವನು. ಚುಂಬನದಿಂದ ಬಂಧವು ಮುದ್ರಿತವಾಗುವುದು. ಬಳಿಕ ಸಂತರ ಅಸ್ಥಿಗಳ ಮೇಲೆ ಆಣೆಯಿಡಲು, ಪ್ರಭುವು ಕೈಯಲ್ಲಿದ್ದ ಕೋಲಿನಿಂದ ಉಂಬಳಿಯನ್ನು ವಹಿಸಿಕೊಡುವನು. ಓದುಬಲ್ಲವರು ಕೆಲವರೇ ಆಗಿದ್ದ ಸಮಾಜದಲ್ಲಿ ಕಾಗದಪತ್ರಕ್ಕಿಂತ ಹತ್ತು ಜನರೆದುರಿನ ಈ ಕೈಹಿಡಿತಕ್ಕೇ ಹೆಚ್ಚು ಬೆಲೆಯಿದ್ದುದು ಸಹಜವೇ ಆಗಿದೆ.

ಆದರೆ ಈ ಆಣೆಯು ಕಟ್ಟಿದ್ದು ಆಳನ್ನು ಮಾತ್ರವೇ ಅಲ್ಲ. ವಿಲಿಯಮನು ಪಟ್ಟಣಿಗರಿಗೆ ಕೊಟ್ಟ ಮಾತನ್ನು ಮುರಿದಾಗ, ವರ್ಷ ತುಂಬುವುದರೊಳಗಾಗಿ ಅದೇ ಫ್ಲಾಂಡರ್ಸಿನವರು ಅವನ ಮೇಲೆ ತಿರುಗಿಬಿದ್ದರು. ಆಲ್ಸ್ಟಿನ ಐವಾನ್ ಎಂಬ ಸಾಮಂತನು ಗೆಂಟ್ ನಗರದಲ್ಲಿ ಅವನೆದುರಿಗೇ ನಿಂತು, ಒಡೆಯನೇ ತಪ್ಪಿ ನಡೆದಿದ್ದಾನೆಂದು ಆಪಾದಿಸಿದನು. 1128ರಲ್ಲಿ ಆಲ್ಸ್ಟಿನ ಮುತ್ತಿಗೆಯಲ್ಲಿ ಗಾಯಗೊಂಡು ವಿಲಿಯಮನು ಸತ್ತನು. ಫ್ಲಾಂಡರ್ಸು ಅವನ ಪ್ರತಿಸ್ಪರ್ಧಿ ಥಿಯರಿಗೆ ಸೇರಿತು.